ಏರಿನಲ್ಲಿ ನಿಂತ ಗಾಡಿ

ಕುಮಟೆಯಲ್ಲಿ ಹೆಂಗಸರಿಗೆ ಕಾರು ಕಲಿಸುವ ಮಾಲಿನಿ ಅಕ್ಕೋರ ಬಾಯಿಗೆ ಹೆದರದವರು ಕಡಿಮೆ. ಗೇರು ತಪ್ಪಿದರೆ ಬೈಗುಳ, ಕನ್ನಡಿ ನೋಡದಿದ್ದರೆ ಬೈಗುಳ. ಆದರೂ ಎಲ್ಲರೂ ಅವರ ಹತ್ತಿರವೇ ಹೋಗುತ್ತಾರೆ. ಅಕ್ಕೋರು ಕಲಿಸಿದವರು ಫೇಲಾಗುವುದಿಲ್ಲ ಎಂದು ಊರಲ್ಲಿ ಮಾತಿದೆ. ಆ ಮಾತೇ ಅವರ ಅನ್ನ.

ಈಚೆಗೆ ಆ ಅನ್ನಕ್ಕೇ ಕಲ್ಲು ಬೀಳುವ ಹಾಗಾಗಿತ್ತು. ಪೆಟ್ರೋಲಿಗೆ ಎಥನಾಲ್ ಹೆಚ್ಚು ಬೆರೆಸತೊಡಗಿದ ಮೇಲೆ ಅವರ ಹಳೇ ಕಾರು, ಕ್ಲಚ್ ಬಿಡುತ್ತಿದ್ದಂತೆ ಒಮ್ಮೆ ನಡುಗಿ ಬಂದ್ ಬೀಳುತ್ತಿತ್ತು. ಮೆಕ್ಯಾನಿಕ್ ಉಮೇಶ ನೋಡಿ, ಇಂಜಿನ್ನಿಗೆ ಈ ಪೆಟ್ರೋಲು ಮೊದಲಿಗಿಂತ ಹೆಚ್ಚು ಬೇಕು, ಹಳೇ ಕಾರ್ಬುರೇಟರ್ ಅಷ್ಟು ಕೊಡುವುದಿಲ್ಲ ಎಂದ. ಅದರೊಳಗೆ ಪೆಟ್ರೋಲು ಬಿಡುವ ಜೆಟ್ ಬದಲಿಸಿದ, ಮೆತ್ತಗಾಗಿದ್ದ ರಬ್ಬರ್ ಪೈಪು ಕಿತ್ತು ಹೊಸದು ಹಾಕಿದ, ಸ್ಕ್ರೂ ತಿರುವಿ ತಿರುವಿ ಕಿವಿಗೊಟ್ಟು ಕೇಳಿದ. ಗ್ಯಾರೇಜಿನಲ್ಲಿ ಎಲ್ಲ ಸರಿಯಿತ್ತು. ಏರು ಸಿಕ್ಕಿದರೆ ಮತ್ತೆ ಅದೇ ಕತೆ. ಏರು ಬಂದಾಗ ಮಾತ್ರ ಚೋಕ್ ಸ್ವಲ್ಪ ಎಳೆದರೆ ಪೆಟ್ರೋಲು ಹೆಚ್ಚು ಬಿದ್ದು ಹತ್ತುತ್ತದೆ, ಯಾವಾಗಲೂ ಎಳೆದಿಟ್ಟರೆ ಹೊಗೆ ಬರುತ್ತದೆ ಎಂದು ಉಮೇಶ ಉಪಾಯ ಹೇಳಿಕೊಟ್ಟ. ಅಕ್ಕೋರು ಕಲಿಯುವವರ ಎದುರು ಚೋಕ್ ಮುಟ್ಟದೆ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರು. ಗಾಡಿಯೇ ಸರಿಯಿಲ್ಲ ಎಂದು ಸುದ್ದಿಯಾದರೆ ಕಲಿಯಲು ಯಾರು ಬರುತ್ತಾರೆ? ಹಾಗಾಗಿ ಗಾಡಿ ನಿಂತಾಗಲೆಲ್ಲ ಅವರ ಬಾಯಲ್ಲಿ ಒಂದೇ ಮಾತು, "ಕ್ಲಚ್ಚು ಮೆಲ್ಲಗೆ ಬಿಡು."

ಆ ಮಾತು ಹೆಚ್ಚು ಬಿದ್ದದ್ದು ಹಿರೇಗುತ್ತಿಯ ಲಕ್ಕಿಯ ಮೇಲೆ. ಗದ್ದೆ ಕೆಲಸದ ಹೆಂಗಸು. ಲೈಸೆನ್ಸ್ ಸಿಕ್ಕರೆ ಪಂಚಾಯ್ತಿಯ ಕಸದ ಗಾಡಿ ಓಡಿಸುವ ಕೆಲಸ ಅವಳಿಗೆ, ಸಿಗದಿದ್ದರೆ ಇನ್ನೊಬ್ಬಳಿಗೆ. ತನ್ನ ಕಾಲೇ ಸರಿಯಿಲ್ಲ ಎಂದು ನಂಬಿ, ಮನೆಯಲ್ಲಿ ಕುಳಿತಲ್ಲೇ ಎಡಗಾಲು ಒತ್ತಿ ಬಿಟ್ಟು ಮಾಡುತ್ತಿದ್ದಳಂತೆ.

ಪರೀಕ್ಷೆ ಹೊನ್ನಾವರದಲ್ಲಿ, ಅಕ್ಕೋರ ಕಾರಿನಲ್ಲೇ. ಇನ್ಸ್‌ಪೆಕ್ಟರು ಲಕ್ಕಿಯ ಪಕ್ಕ ಕುಳಿತರು, ಅಕ್ಕೋರು ಹೊರಗೆ. ಚೋಕಿನ ವಿಷಯ ಬಾಯಿಯವರೆಗೆ ಬಂತು, ಹೇಳಲಿಲ್ಲ. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಬೇಕು. ಕಾರು ನಡುಗಿ ಬಂದ್ ಬಿತ್ತು. ಚಾಲೂ ಮಾಡಿದಳು, ಮತ್ತೆ ಬಂದ್. ಲಕ್ಕಿ ತಲೆ ತಗ್ಗಿಸಿ ತನ್ನ ಕಾಲನ್ನೇ ನೋಡಿಕೊಂಡಳು.

ಅದನ್ನು ನೋಡಿ ಅಕ್ಕೋರಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಕಿಟಕಿ ಹಿಡಿದು, "ಸರ್, ತಪ್ಪು ಅವಳದಲ್ಲ, ನನ್ನ ಗಾಡಿದು," ಎಂದರು. ಪರೀಕ್ಷೆಗೆ ಬಂದ ಬೇರೆ ಹೆಂಗಸರೆಲ್ಲ ನಿಂತು ಕೇಳುತ್ತಿದ್ದರು. ಇನ್ಸ್‌ಪೆಕ್ಟರು ಗೊಣಗಿದರು, ಇಂಥ ಗಾಡಿ ತರಬಾರದು ಎಂದರು, ಕೊನೆಗೆ ಇನ್ನೊಂದು ಸಲ ನೋಡೋಣ ಎಂದರು. ಅಕ್ಕೋರು ಕೈ ಒಳಗೆ ಹಾಕಿ ಚೋಕ್ ಎಳೆದುಕೊಟ್ಟರು. ಲಕ್ಕಿ ಕ್ಲಚ್ ಬಿಟ್ಟಳು. ಕಾರು ಒಂಚೂರೂ ನಡುಗದೆ ಏರು ಹತ್ತಿತು.

ಪಾಸಾದಳು. ನಗುತ್ತಲೇ ಕಾರಿನಿಂದ ಇಳಿದು ಬಂದವಳ ನಗು ಅಕ್ಕೋರ ಎದುರಿಗೆ ಬಂದಾಗ ಇರಲಿಲ್ಲ.

"ಹಂಗಾರೆ ಅಕ್ಕೋರೆ, ಇಷ್ಟ್ ದಿನ ಗಾಡಿ ನಿಂತದ್ದು ಎಂತಕೆ?"

ಊರಿಗೆಲ್ಲ ಬಾಯಿ ಮಾಡುವ ಅಕ್ಕೋರು ಕಾರಿನ ಬಾಗಿಲು ತೆಗೆದು, ಎಳೆದಿದ್ದ ಚೋಕನ್ನು ಒಳಗೆ ತಳ್ಳಿದರು.