ನಿಂಬೆಹಣ್ಣಿನ ಓಟ ಮತ್ತು ಮೂರನೇ ಬಹುಮಾನ

ಶುರುವಾದದ್ದು ೨೦೨೪ರ ನವೆಂಬರ್ ೧೦, ಭಾನುವಾರ, ಬೆಳಿಗ್ಗೆ ಹತ್ತೂ ನಲವತ್ತಕ್ಕೆ. ಕರಪತ್ರದಲ್ಲಿ ಒಂಬತ್ತೂವರೆ ಎಂದಿತ್ತು. ಆದರೆ ಮೈಕಿನವನು ಬಂದದ್ದೇ ಹತ್ತು ಗಂಟೆಗೆ. ಮಲ್ಲತ್ತಹಳ್ಳಿಯ ನಮ್ಮ ಬಡಾವಣೆಯ ಸಂಘದ ರಾಜ್ಯೋತ್ಸವ, ಪಾರ್ಕಿನ ಪಕ್ಕದ ಖಾಲಿ ಸೈಟಿನಲ್ಲಿ ಮಹಿಳೆಯರ ನಿಂಬೆಹಣ್ಣಿನ ಓಟ. ಚಮಚವನ್ನು ಹಲ್ಲಿನಲ್ಲಿ ಕಚ್ಚಿ, ಅದರ ಮೇಲೆ ನಿಂಬೆಹಣ್ಣು ಇಟ್ಟು, ಕೈ ಹಿಂದೆ ಕಟ್ಟಿ ಆ ತುದಿಯ ಹಗ್ಗ ಮುಟ್ಟಬೇಕು. ಸ್ಪರ್ಧಿಗಳು ಹನ್ನೊಂದು ಜನ, ನಾನೂ ಸೇರಿ.

ಹಿಂದಿನ ಮೂರು ವರ್ಷವೂ ಈ ಓಟದಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕಿತ್ತು, ಆಗುತ್ತಿರಲಿಲ್ಲ. ಸ್ಕೂಲಿನಲ್ಲಿದ್ದಾಗ ನೆಂಟರು ಬಂದರೆ ಅಪ್ಪ ನನ್ನ ಹೆಸರಿಗಿಂತ ಮೊದಲು ನನ್ನ ರ‍್ಯಾಂಕ್ ಹೇಳುತ್ತಿದ್ದರು. ನೆಂಟರು ನನ್ನ ಹೆಸರು ಮರೆತರೂ ರ‍್ಯಾಂಕ್ ಮರೆಯುತ್ತಿರಲಿಲ್ಲ. ಆಮೇಲೆ ವಿಜಯನಗರದಲ್ಲಿ ಒಬ್ಬ ಆಡಿಟರನ ಆಫೀಸಿಗೆ ಸೇರಿದೆ. ಅಲ್ಲಿ ರ‍್ಯಾಂಕ್ ಕೊಡುವವರಿಲ್ಲ. ಚೆನ್ನಾಗಿ ಕೆಲಸ ಮಾಡಿದವರಿಗೆ ಇನ್ನೊಂದು ಫೈಲು ಕೊಡುತ್ತಾರೆ. ಹೀಗಾಗಿ ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ಮೊದಲಿಗಳಾಗಿ ಉಳಿದಿದ್ದ ಒಂದೇ ಕ್ಷೇತ್ರ ನಿಂಬೆಹಣ್ಣಿನದು.

ನಾನು ಡೈರಿ ಬರೆಯುವವಳು. ಸ್ಪರ್ಧೆಗಳಿಗೆಂದು ಅದರಲ್ಲಿ ಎರಡು ಕಾಲಂ ಇಟ್ಟಿದ್ದೆ: ‘ಗೆದ್ದದ್ದು’ ಮತ್ತು ‘ಭಾಗವಹಿಸಿಲ್ಲ’. ಮೂರನೆಯದರ ಅಗತ್ಯವೇ ಬಂದಿರಲಿಲ್ಲ. ಸೋಲಬಹುದು ಅನ್ನಿಸಿದ ಕೂಡಲೇ ನನಗೆ ಜ್ವರ ಬರುತ್ತಿತ್ತು, ಇಲ್ಲವೇ ಆಫೀಸಿನಲ್ಲಿ ಕೆಲಸ ಬೀಳುತ್ತಿತ್ತು. ಷಟಲ್, ರಂಗೋಲಿ, ಆಫೀಸಿನ ಕ್ವಿಜ್ ಎಲ್ಲವೂ ಎರಡನೇ ಕಾಲಮ್ಮಿನಲ್ಲಿದ್ದವು. ಆ ಕಾಲಂ ಉದ್ದವಾಗಿತ್ತು.

ಆ ವರ್ಷದ ಅಕ್ಟೋಬರಿನಲ್ಲಿ ಮೂಲೆಮನೆಗೆ ಹೊಸ ಸೊಸೆ ಬಂದಳು. ಸುದ್ದಿ ತಂದವರು ನಮ್ಮ ಮಹಡಿ ಮೇಲಿನ ಆಂಟಿ, ದಾವಣಗೆರೆ ಕಡೆಯವರು. “ಹುಡುಗಿ ಸ್ಟೇಟ್ ಲೆವೆಲ್ ಆಡ್ಯಾಳಂತ್ರೀ,” ಎಂದು ಮೆಟ್ಟಿಲ ಮೇಲೆ ನಿಂತು ಅಮ್ಮನಿಗೆ ಹೇಳಿದರು. ಮಾರನೇ ದಿನ ಆ ಹುಡುಗಿ ಹಾಲಿನ ಪ್ಯಾಕೆಟ್ ಹಿಡಿದು ನಡೆಯುವುದನ್ನು ಕಿಟಕಿಯಿಂದ ನೋಡಿದೆ. ಉದ್ದ ಕಾಲು. ತಲೆ ಅಲುಗಾಡುತ್ತಿರಲಿಲ್ಲ. ನಿಂಬೆಹಣ್ಣಿಗೆ ಹೇಳಿ ಮಾಡಿಸಿದ ತಲೆ. ಆ ರಾತ್ರಿ ಊಟ ಸೇರಲಿಲ್ಲ.

“ಈ ಸಲ ನಾನು ಹೆಸರು ಕೊಡಲ್ಲಮ್ಮ, ಆಫೀಸಲ್ಲಿ ಕೆಲಸ ಇದೆ,” ಎಂದೆ.

“ಭಾನುವಾರ ಯಾವ ಆಫೀಸೇ?”

“ಅವಳು ಸ್ಟೇಟ್ ಲೆವೆಲ್ ಅಂತೆ.”

ಅಮ್ಮ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ಇರ್ಲಿ ಬಿಡು. ಫಸ್ಟ್ ಪ್ರೈಜ್ ತಂದು ನಾನೇನ್ ಮಾಡ್ಲಿ? ಮೂರು ಕಪ್ಪು ಆಗ್ಲೇ ಇವೆ, ಧೂಳು ಹೊಡೆದೂ ಹೊಡೆದೂ ಸಾಕಾಗಿದೆ. ಈ ಸಲ ಮೂರನೇದು ಹಾಟ್‌ಬಾಕ್ಸ್ ಅಂತೆ ಕಣೇ, ದೊಡ್ಡದು. ಅದನ್ನ ತಗೊಂಡ್ ಬಾ.”

ಹಾಟ್‌ಬಾಕ್ಸಿನ ಸಂಗತಿ ನಿಜವೇ. ವಿಜಯನಗರದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ನಮ್ಮ ಬೀದಿಯವರೊಬ್ಬರು ಅದನ್ನು ದಾನ ಕೊಟ್ಟಿದ್ದರು. ಉಳಿದ ಬಹುಮಾನಗಳು ಒಂದು ಗಿಲೀಟಿನ ಕಪ್ಪು, ಒಂದು ಗೋಡೆ ಗಡಿಯಾರ. ಯಾವುದು ಎಷ್ಟನೆಯದೆಂದು ತೀರ್ಮಾನಿಸುವಾಗ ಸಂಘದ ಕಾರ್ಯದರ್ಶಿಗಳು ಎತ್ತರ ನೋಡಿದ್ದರು. ಕಪ್ಪು ಎಲ್ಲಕ್ಕಿಂತ ಎತ್ತರ, ಹಾಟ್‌ಬಾಕ್ಸ್ ಕುಳ್ಳಗೆ.

ಅಮ್ಮನ ಮಾತಿನಿಂದ ನನಗೆ ದಾರಿ ಸಿಕ್ಕಿತು. ನಾನು ಸೋಲುವುದಿಲ್ಲ, ಮೂರನೆಯದನ್ನು ಗೆಲ್ಲುತ್ತೇನೆ. ಅವಳು ಮೊದಲು ಬಂದರೆ ಅದು ನಾನು ಬಿಟ್ಟುಕೊಟ್ಟದ್ದು. ಮರುದಿನವೇ ಹೆಸರು ಬರೆಸಿ, ಬೆಡ್‌ರೂಮಿನಿಂದ ಹಜಾರದವರೆಗೆ ಅಭ್ಯಾಸ ಶುರುಮಾಡಿದೆ. ಕೆಳಗೆ ಬಿದ್ದು ಒಡೆದ ಹಣ್ಣು ಸೀದಾ ಅಡುಗೆಮನೆಗೆ ಹೋಗುತ್ತಿತ್ತು. ಅಪ್ಪ ತಟ್ಟೆಯ ಮುಂದೆ ಕೂತು, “ಇವತ್ತೂ ಚಿತ್ರಾನ್ನನಾ? ಹಾಗಾದ್ರೆ ಇನ್ನೂ ಪ್ರಾಕ್ಟೀಸ್ ಕುದುರಿಲ್ಲ,” ಅನ್ನುತ್ತಿದ್ದರು. ಆ ವಾರ ಐದು ಸಲ ಚಿತ್ರಾನ್ನ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೇ ಹೋದದ್ದು ಒಂದೇ. ಹಾಟ್‌ಬಾಕ್ಸಿನ ಮೇಲೆ ಕಣ್ಣಿಟ್ಟವಳು ಅಮ್ಮ ಒಬ್ಬಳೇ ಆಗಿರಲಿಲ್ಲ.

ಸೀಟಿ ಊದಿದರು. ಮೂಲೆಮನೆಯವಳು ನಾನು ಅಂದುಕೊಂಡಂತೆಯೇ ಸರಸರನೆ ಮುಂದೆ ಹೋದಳು. ಅವಳ ಹಿಂದೆ ಎದುರುಮನೆ ಆಂಟಿ, ಅವರ ಹಿಂದೆ ನಾನು. ಯೋಜನೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೂಲೆಮನೆಯವಳಿಗೆ ಹಗ್ಗಕ್ಕೆ ಇನ್ನೊಂದೇ ಹೆಜ್ಜೆ ಇರುವಾಗ ಜನರ ಮಧ್ಯದಿಂದ ಅವಳ ಅತ್ತೆಯ ಧ್ವನಿ ಬಂತು.

“ನಿಧಾನ ಕಣೇ, ನಿಧಾನ. ಮೂರನೇದು.”

ಅವಳು ನಿಂತಳು. ಎದುರುಮನೆ ಆಂಟಿಯೂ ನಿಂತರು. ನಾನೂ ಅವರ ಸಾಲಿಗೆ ಬಂದು ನಿಂತೆ. ಹಿಂದಿನವರು ಒಬ್ಬೊಬ್ಬರಾಗಿ ಬಂದು ನಮ್ಮ ಪಕ್ಕದಲ್ಲೂ ಬೆನ್ನ ಹಿಂದೆಯೂ ನಿಂತರು. ಬಾಯಲ್ಲಿ ಚಮಚ, ಕೈ ಹಿಂದೆ. ಮಾತಾಡುವಂತಿಲ್ಲ, ಕೈ ತೋರಿಸುವಂತಿಲ್ಲ. ಎದುರುಮನೆ ಆಂಟಿ ಹುಬ್ಬು ಹಾರಿಸಿ ನನಗೆ ‘ನೀನು ಹೋಗಮ್ಮ’ ಎಂದರು. ನಾನು ಹುಬ್ಬಿನಲ್ಲೇ ‘ಛೆ, ದೊಡ್ಡವರು ನೀವು’ ಎಂದೆ. ಹತ್ತು ಜನ ಹೆಂಗಸರು ಒಬ್ಬರಿಗೊಬ್ಬರು ಹುಬ್ಬು ಹಾರಿಸುತ್ತ ನಿಂತಿದ್ದೆವು, ಹತ್ತು ನಿಂಬೆಹಣ್ಣು ಸಣ್ಣಗೆ ನಡುಗುತ್ತಿದ್ದವು.

“ಯಾಕಮ್ಮ ನಿಂತ್ರಿ? ಮುಂದೆ ಬನ್ನಿ, ಮುಂದೆ ಬನ್ನಿ,” ಎಂದು ಕಾರ್ಯದರ್ಶಿಗಳು ಮೈಕಿನಲ್ಲಿ ಬಸ್ ಕಂಡಕ್ಟರನಂತೆ ಕೂಗಿದರು.

“ಮಗಾ, ನಾಯಂಡಹಳ್ಳಿ ಸಿಗ್ನಲ್ ಟ್ರಾಫಿಕ್ ಜಾಮ್ ನೋಡೋ ಇಲ್ಲಿ,” ಎಂದ ಹಿಂದೆ ಯಾರೋ ಹುಡುಗ.

ಇಪ್ಪತ್ತು ದಿನ ನಿದ್ದೆ ಕೆಡಿಸಿದವಳು ನನ್ನ ಎಡಗಡೆ ನಿಂತಿದ್ದಳು. ಒಂದು ಹೆಜ್ಜೆ ಇಟ್ಟರೆ ನಾನು ಮೊದಲು, ಸತತ ನಾಲ್ಕನೇ ವರ್ಷ. ತಡೆಯುವವರು ಯಾರೂ ಇರಲಿಲ್ಲ. ಅಮ್ಮನ ಹಾಟ್‌ಬಾಕ್ಸ್ ಹಾಳಾಗಲಿ ಎಂದು ಕಾಲು ಎತ್ತಿದೆ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ ಎರಡೂ ಹುಬ್ಬು ಎತ್ತಿ, ಬಹಳ ಮರ್ಯಾದೆಯಿಂದ, ಊಟದ ಎಲೆಗೆ ಕರೆಯುವಂತೆ ಹಗ್ಗವನ್ನು ತೋರಿಸಿದಳು. ಅವಳ ಚಮಚದಿಂದ ಜೊಲ್ಲು ಇಳಿಯುತ್ತಿತ್ತು. ನನಗೆ ನಗು ಬಂದುಬಿಟ್ಟಿತು. ಹಣ್ಣು ಬಿತ್ತು.

ಅದೇ ಹೊತ್ತಿಗೆ ದಾವಣಗೆರೆ ಆಂಟಿ ತಾಳ್ಮೆಗೆಟ್ಟು ಚಮಚವನ್ನು ಕೈಗೆ ತೆಗೆದುಕೊಂಡು, “ಏನ್ರೀ ಇದು, ಮದುವಿ ಮನಿ ಏನು? ಒಬ್ರಾರ ಹೋಗ್ರೀ,” ಎನ್ನುತ್ತ ಹಿಂದಿನಿಂದ ನುಗ್ಗಿದರು. ಎಲ್ಲರೂ ಒಟ್ಟಿಗೆ ಹಗ್ಗದ ಮೇಲೆ ಬಿದ್ದೆವು. ಹಗ್ಗ ಹಿಡಿದ ಇಬ್ಬರು ತೀರ್ಪುಗಾರರೂ ಬಿದ್ದರು. ನಿಂಬೆಹಣ್ಣುಗಳು ಚರಂಡಿ ಕಡೆಗೆ ಉರುಳಿದವು.

ನಾನು ನೆಲದ ಮೇಲೆ ಕೂತು ಕಾದೆ. ಸೋತರೆ ಏನೋ ಆಗುತ್ತದೆ ಎಂದು ಅಷ್ಟು ವರ್ಷ ನಂಬಿದ್ದೆ. ಏನು ಎಂದು ಸರಿಯಾಗಿ ಯೋಚಿಸಿರಲಿಲ್ಲ, ಆದರೆ ದೊಡ್ಡದೇನೋ. ಅಮ್ಮ ಜನರನ್ನು ಸರಿಸಿಕೊಂಡು ಬಂದಳು. ನನ್ನ ಮಂಡಿ ನೋಡಿದಳು, ಆಮೇಲೆ ನೆಲ ನೋಡಿದಳು.

“ನಮ್ಮ ಹಣ್ಣು ಯಾವ್ದೇ? ಎತ್ಕೊಂಡ್ ಬಾ, ಸಾರಿಗಾಗುತ್ತೆ.”

ಅಷ್ಟೇ ಆದದ್ದು.

ಎಲ್ಲರೂ ಎದ್ದು ಮಣ್ಣು ಕೊಡವಿಕೊಳ್ಳುತ್ತಿದ್ದಾಗ ಹನ್ನೊಂದನೆಯವರು ಬಂದರು. ಎಪ್ಪತ್ತು ದಾಟಿದ ನಿವೃತ್ತ ಟೀಚರು. ಈ ಗಲಾಟೆಯ ಅರಿವಿಲ್ಲದೆ ಒಂದೇ ಸಮನೆ ನಡೆದುಕೊಂಡು, ಚಮಚದಲ್ಲಿ ಹಣ್ಣು ಇದ್ದಂತೆಯೇ, ನೆಲಕ್ಕೆ ಬಿದ್ದಿದ್ದ ಹಗ್ಗವನ್ನು ದಾಟಿದರು. ಹಣ್ಣು ಉಳಿಸಿಕೊಂಡವರು ಅವರೊಬ್ಬರೇ, ಆದ್ದರಿಂದ ಅವರೇ ಮೊದಲು ಎಂದು ಕೆಲವರು. ಕೊನೆಯಲ್ಲಿ ಬಂದವರು ಮೊದಲು ಹೇಗಾಗುತ್ತಾರೆ ಎಂದು ಉಳಿದವರು. ಟೀಚರು ಚಮಚ ಒರೆಸಿ ಸೆರಗಿಗೆ ಸಿಕ್ಕಿಸಿಕೊಂಡು, “ಫಸ್ಟೋ ಲಾಸ್ಟೋ ನೀವೇ ತೀರ್ಮಾನ ಮಾಡ್ಕೊಳ್ಳಿ. ನಂಗೆ ಆ ಡಬ್ಬಿ ಕೊಟ್ಬಿಡಿ, ಮನೇಲಿ ಅನ್ನಕ್ಕಿಟ್ಟು ಬಂದಿದೀನಿ,” ಎಂದರು. ಕಾರ್ಯದರ್ಶಿಗಳು ಹಾಟ್‌ಬಾಕ್ಸ್ ಕೊಟ್ಟರು.

ಮುಂದಿನದು ಕುರ್ಚಿ ಆಟ. ಅದಕ್ಕೆ ನಾನು ಎಂದೂ ಹೆಸರು ಕೊಟ್ಟಿರಲಿಲ್ಲ. ಹಾಡು ಯಾವಾಗ ನಿಲ್ಲುತ್ತದೆ ಎಂಬುದಕ್ಕೆ ಅಭ್ಯಾಸ ಮಾಡಲು ಬರುವುದಿಲ್ಲ. ಅವತ್ತು ಕೊಟ್ಟೆ. ಮೊದಲನೇ ಸುತ್ತಿನಲ್ಲೇ ಔಟಾದೆ, ಬಟ್ಟೆಗೆ ಹತ್ತಿದ ಮಣ್ಣು ಇನ್ನೂ ಪೂರ್ತಿ ಉದುರಿರಲಿಲ್ಲ. ಬದಿಗೆ ಹೋಗಿ ಕೂತೆ. ಮೂಲೆಮನೆಯವಳು ಎರಡನೇ ಸುತ್ತಿನಲ್ಲಿ ಔಟಾಗಿ ಬಂದು, ಕಡ್ಲೆಪುರಿ ಪೊಟ್ಟಣ ಹಿಡಿದು ನನ್ನ ಪಕ್ಕ ಕೂತಳು.

“ನೀವು ಸ್ಟೇಟ್ ಲೆವೆಲ್ ರನ್ನರ್ ಅಲ್ವಾ?” ಎಂದೆ.

“ಯಾರ್ ಹೇಳಿದ್ದು? ನಾನ್ ಆಡ್ತಿದ್ದಿದ್ದು ಚೆಸ್ಸು.” ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡಳು. “ಅದೂ ಸ್ಟೇಟಲ್ಲಿ ಮೂರು ರೌಂಡೂ ಸೋತೆ. ಊಟ ಮಾತ್ರ ಚೆನ್ನಾಗಿತ್ತು.”

ಸೋತದ್ದನ್ನು ಯಾರಾದರೂ ಇಷ್ಟು ಸಲೀಸಾಗಿ, ಪುರಿ ಅಗಿಯುತ್ತ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕುರ್ಚಿಯಾಟದ ಕತೆ ಹೇಳಲು ಹೋಗಿ, ಅವಳೂ ನೋಡಿದ್ದಾಳೆ ಎಂದು ನೆನಪಾಗಿ ಸುಮ್ಮನಾದೆ. ಅವಳು ಪೊಟ್ಟಣ ನನ್ನ ಕಡೆಗೆ ಚಾಚಿದಳು. ಮೂರನೇ ಸುತ್ತಿಗೆ ಹಾಡು ಶುರುವಾಯಿತು. ಇಬ್ಬರೂ ಕೂತು, ಯಾರು ಬೀಳುತ್ತಾರೆ ನೋಡಿದೆವು.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಆ ನೂಕಾಟದಲ್ಲಿ ಹಗ್ಗವನ್ನು ಮೊದಲು ಮುಟ್ಟಿದವರು ಯಾರು? ದಾವಣಗೆರೆ ಆಂಟಿ ತಾನಲ್ಲ ಎನ್ನುತ್ತಾರೆ, ಎದುರುಮನೆ ಆಂಟಿ ದೇವರಾಣೆಗೂ ತಾನಲ್ಲ ಎನ್ನುತ್ತಾರೆ. ಕಪ್ಪನ್ನೂ ಗಡಿಯಾರವನ್ನೂ ಒಯ್ಯಲು ಯಾರೂ ಬರಲಿಲ್ಲ. ನನಗೆ ಕಪ್ಪು ಬೇಡ, ಆದರೆ ಡೈರಿಯಲ್ಲಿ ಆ ತಾರೀಖಿನ ಮುಂದೆ ಗೆದ್ದವರ ಹೆಸರು ಬರೆಯದೆ ಬಿಡುವುದು ನನ್ನಿಂದ ಆಗದು. ಅವತ್ತು ಪಾರ್ಕಿನ ಕಡೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ ಬರೆದು ತಿಳಿಸಿ. ಅದು ನಾನೇ ಆಗಿದ್ದರೂ ಪರವಾಗಿಲ್ಲ.