ಗಂಡನ ಹೆಸರು ಹೇಳಿಸಿದ ಕಂಪ್ಯೂಟರು

ನಾನು ಓದಿದ್ದು ಎರಡನೆಯ ಕ್ಲಾಸು. ಮೂರನೆಯದಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಒಂದು ಸೊಂಟ ಬೇಕಾಗಿತ್ತು. ಆದರೂ ಕೊಟ್ಟೂರಿನ ನಮ್ಮ ಓಣಿಯಲ್ಲಿ ಕಂಪ್ಯೂಟರು ಚಾಲೂ ಮಾಡಲು ಬರುತ್ತಿದ್ದ ಮೊದಲ ಅಜ್ಜಿ ನಾನೇ. ನಮ್ಮ ಯಜಮಾನರು ಮನೆಯ ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದರು. ಕಂಪ್ಯೂಟರು ಅದಕ್ಕಾಗಿ ಬಂದದ್ದು. ದಿನಾ ಬೆಳಿಗ್ಗೆ ಅದರ ಧೂಳು ಒರೆಸಿ, ಹಣೆಗೆ ಕುಂಕುಮ ಇಟ್ಟು, ಗುಂಡಿ ಒತ್ತುವುದು ನನ್ನ ಕೆಲಸ.

ಒಂದೇ ತೊಂದರೆ. ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಯಜಮಾನರ ಹೆಸರು ಇಂಗ್ಲಿಷಿನಲ್ಲಿ ಬರುತ್ತಿತ್ತು, ನನಗೆ ಓದಲು ಬಾರದಿದ್ದರೂ ಅದರ ಮೇಲೆ ಬಾಣ ಇಟ್ಟು ಒತ್ತಬೇಕಿತ್ತು. ನಲವತ್ತು ವರ್ಷ ನಾನು ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವಳಿಂದ ಹೇಳಿಸಿದವಳು. ಅಂಥವಳು ದಿನಾ ಬೆಳಿಗ್ಗೆ ಎದ್ದು ಅದರ ಮೂಗಿಗೇ ತಿವಿಯಬೇಕೆಂದರೆ!

ಆ ವರ್ಷ ಮಗಳು ಹೆರಿಗೆಗೆ ಬಂದಳು, ಹೆಣ್ಣು ಹಡೆದಳು. ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಓಣಿಯಲ್ಲಿ ಎಷ್ಟು ಜನಕ್ಕೆ ಸಕ್ಕರೆ ಹಂಚಿದೆನೆಂದರೆ, ಒಂದು ನಾಯಿ ಕೂಡ ವಾರಗಟ್ಟಲೆ ನನ್ನ ಹಿಂದೆ ಬಂತು. ತೊಟ್ಟಿಲ ದಿನ ಕೂಸಿಗೆ ಯಜಮಾನರ ತಾಯಿಯ ಹೆಸರಿಟ್ಟರು, ಅಂದರೆ ನನ್ನ ಸತ್ತ ಅತ್ತೆಯ ಹೆಸರು. ಆಕೆ ಇದ್ದಾಗ ನನ್ನ ಕೈಲಿ ಬೀಸಿಸಿದ್ದು, ಕುಟ್ಟಿಸಿದ್ದು ಶಿವನಿಗೇ ಗೊತ್ತು. ಈಗ ಅದೇ ಹೆಸರಿನವಳು ನನ್ನ ತೊಡೆಯ ಮೇಲೆ ಮಲಗಿದ್ದಾಳೆ, ನಾನು ಅಂಡು ತೊಳೆಯುತ್ತಿದ್ದೇನೆ. ಇದರಲ್ಲಿ ಗೆದ್ದವರು ಯಾರು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಬೆಳಿಗ್ಗೆ ಮಗಳಿಗೆ ಹೇಳಿದೆ: "ಇದರಾಗ ನಿಮ್ಮಪ್ಪನ ಹೆಸರು ತಗದು ಕೂಸಿನ ಹೆಸರು ಹಾಕವ್ವ. ಮುಂಜಾನಿ ಎದ್ದು ಅಕಿ ಮುಖ ನೋಡಿದಂಗ ಆಕ್ಕೈತಿ."

"ಅಪ್ಪಾಜಿಗೆ ಒಂದು ಮಾತು ಕೇಳಬ್ಯಾಡೇನು?"

"ಅವರು ತುಪ್ಪ ತರಾಕ ಹೊಳಲಿಗೆ ಹೋಗ್ಯಾರ. ಬರೋದ್ರಾಗ ಹಾಕಿಬಿಡು, ನೋಡಿ ಕುಣೀತಾರ."

ಮಗಳು ಅರೆನಿದ್ದೆಯಲ್ಲಿ, ಕೂಸಿಗೆ ಹಾಲು ಕೊಡುತ್ತ, ಒಂದೇ ಕೈಯಲ್ಲಿ ಅದೇನೋ ಒತ್ತಿ ಹೊಸ ಹೆಸರು ಕೂಡಿಸಿ, ಹಳೆಯದನ್ನು ಅಳಿಸಿದಳು. ಮಧ್ಯಾಹ್ನ ಕೂಸು ಮಲಗಿದ ಮೇಲೆ ಎಣ್ಣೆಸ್ನಾನಕ್ಕೆ ಹೋದಳು. ಬಾಣಂತಿಯ ಸ್ನಾನ ಅಂದರೆ ಒಳಗೆ ಹೋದವಳು ತಾಸೊತ್ತು ಹೊರಗೆ ಬರುವಂತಿಲ್ಲ.

ಅಷ್ಟರಲ್ಲಿ ಓಣಿಯ ಇಬ್ಬರು ಹೆಂಗಸರು ಬಂದರು, ಕೂಸಿನ ಫೋಟೊ ನೋಡಲು. ನನಗೂ ತೋರಿಸುವ ಉಮೇದು. ಅದರಲ್ಲೂ ಒಂದು ಫೋಟೊ: ಕೂಸು ಹುಟ್ಟಿ ಒಂದು ತಾಸಾಗಿದೆ, ಯಜಮಾನರು ಎರಡೂ ಅಂಗೈಯಲ್ಲಿ ಹಿಡಿದಿದ್ದಾರೆ, ಕುದಿಯುವ ಹಾಲಿನ ಪಾತ್ರೆ ಹಿಡಿದವರ ಹಾಗೆ ಬಾಯಿ ತೆಗೆದಿದ್ದಾರೆ, ಕೂಸೂ ಬಾಯಿ ತೆಗೆದಿದೆ. ಅದನ್ನು ಅವತ್ತು ಮೂರರ ಬಸ್ಸಿಗೆ, ತೊಟ್ಟಿಲಿಗೆ ಬಂದಿದ್ದ ಅಳಿಯ ಹರಪನಹಳ್ಳಿಗೆ ಒಯ್ಯಬೇಕಿತ್ತು. ಅವನ ತಾಯಿ, ನಮ್ಮ ಬೀಗತಿ, ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದಿದ್ದಳು. ತೊಟ್ಟಿಲಿಗೂ ಬರಲಾಗಿರಲಿಲ್ಲ. ಕೂಸು ಅಲ್ಲಿಗೆ ಹೋಗುವುದು ಐದು ತಿಂಗಳು ತುಂಬಿದ ಮೇಲೆ. "ಫೋಟೊದಾಗರ ನೋಡ್ತೀನಿ, ಮರೀಬ್ಯಾಡ್ರಿ" ಎಂದು ಫೋನಿನಲ್ಲಿ ಅತ್ತಿದ್ದಳು. ಕಳಿಸುತ್ತೇನೆಂದು ಮಾತು ಕೊಟ್ಟವಳು ನಾನು.

ಗುಂಡಿ ಒತ್ತಿದೆ. ಕೂಸಿನ ಹೆಸರು ಬಂತು. ಒಳಗೆ ಹೋದೆ. ನೀಲಿ ಆಕಾಶ, ಹಸಿರು ಗುಡ್ಡ. ದಿನಾ ಫೋಟೊ ಇರುವ ಜಾಗ ತೆರೆದೆ. ಬರೀ ಬಿಳಿ. ಒಂದು ಫೋಟೊ ಇಲ್ಲ, ಒಂದು ಲಗ್ನಪತ್ರಿಕೆ ಇಲ್ಲ.

"ಎಲ್ಲಿ ಅದಾಳಕ್ಕ ಕೂಸು?" ಎಂದಳು ಒಬ್ಬಳು.

"ನಿಮ್ಮತ್ತಿ ಬಂದಳು, ಮಗನ್ನ ಸಾಮಾನು ಸಮೇತ ಹೊರಗ ಹಾಕಿದಳು!" ಎಂದಳು ಇನ್ನೊಬ್ಬಳು, ಹೆಸರು ಬದಲಿಸಿದ ಸುದ್ದಿ ನನ್ನಿಂದಲೇ ಕೇಳಿದ್ದವಳು. ಇಬ್ಬರೂ ನಕ್ಕರು. ನನಗೆಲ್ಲಿಯ ನಗು? ಕ್ಯಾಮೆರಾ ಎರವಲು ತಂದದ್ದು, ತಿರುಗಿ ಕೊಟ್ಟಾಗಿತ್ತು, ಅದರೊಳಗಿನದನ್ನು ಅವರು ಅಳಿಸಿಯೂ ಆಗಿತ್ತು. ಮಗಳಿಗೆ ಹೇಳೋಣವೆಂದರೆ ಅಳುತ್ತಾಳೆ; ಬಾಣಂತಿ ಕಣ್ಣೀರು ಹಾಕಬಾರದು. ಗೋಡೆಯ ಗಡಿಯಾರದಲ್ಲಿ ಎರಡಾಗಿತ್ತು.

ಹಗರಿಬೊಮ್ಮನಹಳ್ಳಿಯ ರಿಪೇರಿಯವನ ನಂಬರು ಗೋಡೆಯ ಮೇಲೆ ಬರೆದಿತ್ತು. ಫೋನ್ ಹಚ್ಚಿದೆ. ಹೊಸಬ, ನಮ್ಮ ಮನೆ ಕಂಡವನಲ್ಲ. ನಡೆದದ್ದೆಲ್ಲ ಹೇಳಿದೆ.

"ಅಮ್ಮಾರ, ಗಾಬರಿ ಆಗಬ್ಯಾಡ್ರಿ. ಹಳೇದನ್ನ ಅಳಸೂವಾಗ ಅದು ಒಂದು ಮಾತು ಕೇಳತೈತಿ, ಫೈಲು ಇಟ್ಕೊಳ್ಲೋ, ಒಗೀಲೋ ಅಂತ. ಇಟ್ಕೋ ಅಂದಿದ್ರ, ಹಳೇ ಹೆಸರಿನ ಮ್ಯಾಲ ಒಂದು ಹಳದಿ ಚೀಲ, ಫೋಲ್ಡರ್ ಅಂತಾರ, ಪರದೀ ಮ್ಯಾಲ ಕುಂತಿರತೈತಿ ನೋಡ್ರಿ."

"ಹಳದಿವು ನಾಕು ಅದಾವಪ್ಪ. ಎಲ್ಲದಕ್ಕೂ ಇಂಗ್ಲಿಷ್, ನನಗ ಎಲ್ಲಾ ಒಂದ ಥರ ಕಾಣ್ತಾವ."

"ಗೊತ್ತಿಲ್ಲದ್ದು ಮುಟ್ಟಬ್ಯಾಡ್ರಿ, ಅಳಸಿಗಿಳಸೀರಿ. ಹೆಸರು ಹೇಳ್ರಿ, ಮೊದಲನೇ ಅಕ್ಷರ ಹೆಂಗಿರತೈತಿ ಅಂತ ನಾ ಹೇಳ್ತೀನಿ."

"ನಮ್ಮ ಯಜಮಾನರದಪ್ಪ."

"ಅದ ರೀ, ಏನು ಅವರ ಹೆಸರು?"

ನಾನು ಫೋನಿಗೆ ಕೈ ಮುಚ್ಚಿ ಹೆಂಗಸರ ಕಡೆ ತಿರುಗಿದೆ. "ಹೇಳ್ರೆ ಒಬ್ಬರರ."

"ನಮಗ್ಯಾಕ ಬೇಕವ್ವ ನಿನ್ನ ಗಂಡನ ಹೆಸರು?" ಎಂದು ಒಬ್ಬಳು ಸೆರಗು ಬಾಯಿಗೆ ಹಿಡಿದಳು. "ಒಡಪು ಹಾಕಿ ಹೇಳು. ಮದುವ್ಯಾಗ ಹೇಳಿದ್ದಿಲ್ಲೇನು?"

"ಮದುವ್ಯಾಗ ಹೇಳಲಾರದ ಅತ್ತು ಎದ್ದು ಹೋಗಿದ್ದಳಂತ!" ಎಂದಳು ಇನ್ನೊಬ್ಬಳು. ಅದು ನಿಜವೇ. ಒಡಪಿನ ಪ್ರಾಸದೊಳಗೆ ಸೇರಿಸಿದರೆ ಗಂಡನ ಹೆಸರು ಹೇಳಿದ ದೋಷವಿಲ್ಲ ಅನ್ನುತ್ತಾರೆ; ನನಗೆ ಅವತ್ತು ಅದೂ ಬಾಯಿಗೆ ಬಂದಿರಲಿಲ್ಲ.

"ಅಮ್ಮಾರ, ಅದೀರೇನ್ರಿ?" ಎಂದಿತು ಫೋನು. ಗಡಿಯಾರ ಎರಡೂ ಕಾಲು ತೋರಿಸುತ್ತಿತ್ತು. ಬೀಗತಿ ಹಾಸಿಗೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದು ಕಣ್ಣಿಗೆ ಕಟ್ಟಿದಂತಾಯಿತು. ಹಾಳಾಗಿ ಹೋಗಲಿ ಮರ್ಯಾದೆ ಎಂದು ಎದ್ದು ನಿಂತೆ. ತಲೆಯ ಮೇಲೆ ಸೆರಗು ಹೊದ್ದೆ. ಹೆಂಗಸರೆಲ್ಲ ಮೆತ್ತಗೆ ಹೇಳುವ ಒಡಪನ್ನು, ಹಗರಿಬೊಮ್ಮನಹಳ್ಳಿಗೆ ಕೇಳಿಸಬೇಕಲ್ಲ, ಕೂಗಿಯೇ ಹೇಳಿದೆ:

"ಹಂಚಿನ ಮ್ಯಾಲಿನ ರೊಟ್ಟಿ ಉಬ್ಬಿ ಬಂತು,
ಹಡದ ಮಗಳ ಮಡಿಲಾಗ ಮಲ್ಲಿಗಿ ಬಂತು,
ಕಳಕೊಂಡ ಚಿತ್ರ ಹುಡುಕಿ ಕೊಡೋ ತಮ್ಮಾ,
ಕಂಪ್ಯೂಟರಿನ್ಯಾಗ ಅಡಗಿ ಕುಂತಾರ ನಮ್ಮ..."

ಅದರ ಮುಂದೆ ಹೆಸರು ಹೇಳಿದೆ. ಇಲ್ಲಿ ಬರೆಯುವುದಿಲ್ಲ, ಒಂದು ಸಲ ಸಾಕು. ಹೆಂಗಸರು ಕೇಕೆ ಹಾಕಿದರು. ಫೋನಿನ ಆ ಕಡೆಯಿಂದಲೂ ಚಪ್ಪಾಳೆ ಕೇಳಿಸಿತು; ಆ ಅಂಗಡಿಯಲ್ಲಿ ಎಷ್ಟು ಜನ ಕೂತಿದ್ದರೋ.

"ಹಾವು ಹೆಡಿ ಎತ್ತಿ ಸುತ್ತಿಕೊಂಡಂಗ ಒಂದು ಅಕ್ಷರ ಐತೇನು ನೋಡ್ರಿ ಅಮ್ಮಾರ."

ಇತ್ತು. ಎಡಗಡೆ ಮೂಲೆಯಲ್ಲಿ, ಬೆಳಿಗ್ಗೆಯಿಂದ ನನ್ನ ಮುಖವನ್ನೇ ನೋಡುತ್ತ ಕೂತಿತ್ತು. ಎರಡು ಸಲ ಒತ್ತಿದೆ. ಅವನು ಹೇಳಿದಂತೆ ಅದರೊಳಗಿನ ಇನ್ನೊಂದನ್ನು ಒತ್ತಿದೆ. ಎಲ್ಲ ಅಲ್ಲೇ ಇದ್ದವು. ಯಜಮಾನರು ಬಾಯಿ ತೆಗೆದಿದ್ದರು, ಕೂಸೂ ತೆಗೆದಿತ್ತು. ನಾನೂ ತೆಗೆದೆ, ಅಳಲೋ ನಗಲೋ ತಿಳಿಯದೆ.

ಪೇಟೆಗೆ ಹೋಗಿದ್ದ ಅಳಿಯ ಚೀಲ ಹಿಡಿದು ಬಂದವನೇ ಪ್ರಿಂಟರಿಗೆ ಕಾಗದ ಇಟ್ಟು ಫೋಟೊ ಅಚ್ಚು ತೆಗೆದ. ಆ ವಾರ ಲಗ್ನಪತ್ರಿಕೆಗಳಿಗೆ ಕೆಂಪು ಮಸಿಯೆಲ್ಲ ಮುಗಿದಿತ್ತು. ಕೂಸು ಮಾವಿನ ಮಿಡಿಯ ಬಣ್ಣದಲ್ಲಿ ಹೊರಗೆ ಬಂತು. ಬದಲಿಸಲು ಹೊತ್ತಿರಲಿಲ್ಲ. ಹಾಗೆಯೇ ಮಡಿಚದೆ ಎದೆಗೆ ಹಿಡಿದುಕೊಂಡು ಬಸ್ಸಿಗೆ ಓಡಿದ.

ಸಂಜೆ ಯಜಮಾನರು ತುಪ್ಪದ ತಂಬಿಗೆ ಹಿಡಿದು ಬಂದರು. ಓಣಿಯ ತುದಿಯಲ್ಲೇ ಅವರಿಗೆ ಸುದ್ದಿ ಮುಟ್ಟಿತ್ತು.

"ಇನ್ನೊಮ್ಮೆ ಹೇಳು, ಕೇಳೂನು" ಎಂದರು.

"ನೀವು ಮತ್ತೆ ಕಳದು ಹೋಗ್ರಿ, ಹೇಳ್ತೀನಿ" ಎಂದೆ.

ಅಷ್ಟರಲ್ಲಿ ಹರಪನಹಳ್ಳಿಯಿಂದ ಫೋನು. ಬೀಗತಿ ಮೊದಲು ಮೂಗು ಸೇದಿದಳು. ಆಮೇಲೆ, "ಕೂಸು ಒಂದೀಟು ಹಸರಗೈತಿ. ಇರ್ಲಿ ಬಿಡ್ರಿ. ಮೂಗು ಮಾತ್ರ ನಮ್ಮದ ಐತಿ" ಎಂದಳು.

"ಮೂಗು ನಿಮ್ಮದ ಇರಬೇಕ್ರಿ ಬೀಗತೇರ, ಮುಂಜಾನಿಂದ ಸೋರಾಕ ಹತ್ತೈತಿ. ಲಗೂನ ಎದ್ದು ಬರ್ರಿ, ನೀವ ಒರಸ್ರಿ."