ಕುದುರೆಮುಖದ ತುದಿಗೆ ಬರಿಗಾಲಲ್ಲಿ

ಮೊಮ್ಮಕ್ಕಳೇ, ನಿಮ್ಮವ್ವನ ಜೊತೆ ನಾನು ಕುದುರೆಮುಖಕ್ಕೆ ಹೋಗಿದ್ದು ನಿಜ. ಆದರೆ ನಾನು ಬೆಟ್ಟ ಹತ್ತದೆ ಕೆಳಗೇ ಕುಳಿತಿದ್ದೆ ಎಂದು ನಿಮ್ಮ ದೊಡ್ಡಜ್ಜ ಹೇಳಿಕೊಂಡು ಓಡಾಡುತ್ತಿದ್ದಾರೆ. ನಿಮ್ಮಜ್ಜನ ಅಣ್ಣ, ನನ್ನ ಭಾವ ಅವರು, ಅವರೆದುರು ನಾನು ಇವತ್ತಿಗೂ ಬಾಯಿ ತೆರೆದವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ಈಯತ್ತೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ನಡೆದದ್ದನ್ನು ತಿದ್ದಬೇಡಿ.

ನಿಮ್ಮಜ್ಜ ಹೋದಮೇಲೆ ನಾನು ಹೆಚ್ಚು ಕೇಳಿದ ಮಾತು ‘ನೀ ಕುಂದ್ರು’. ಉಡಿ ತುಂಬುವಾಗ ಒಳಗೆ ಕುಂದ್ರು, ಮದುವೆ ಮನೆಯಲ್ಲಿ ಹಿಂದೆ ಕುಂದ್ರು. ಮಳೆ ಮುಗಿದ ಹೊಸತರಲ್ಲಿ ಲಿಂಗಸುಗೂರಿನಿಂದ ನಿಮ್ಮವ್ವ ಮತ್ತು ಅವಳ ಶಾಲೆಯ ಟೀಚರುಗಳು ಬೆಟ್ಟಕ್ಕೆ ಹೊರಡುವುದಿತ್ತು. ಅದಕ್ಕೆ ಮೊದಲು ಊರಿಗೆ ಬಂದ ಅವಳಿಗೆ, ನಾನೂ ಬರುತ್ತೇನೆ ಎಂದೆ. ಅದು ಕೇಳಿಸಿ ದೊಡ್ಡಜ್ಜ ನನ್ನ ಕಡೆ ನೋಡದೆ ನಿಮ್ಮವ್ವನಿಗೆ ಹೇಳಿದರು: “ಈಕಿಗೆ ಕಾಲುವಿ ಏರಿ ಹತ್ತಿ ಗೊತ್ತು, ಗುಡ್ಡ ಎಲ್ಲಿ ಹತ್ತತಾಳಬೇ? ಜೀಪಿನ್ಯಾಗ ಕುಂದ್ರಿಸಿ ಹೋಗ್ರಿ.”

ನಮ್ಮೂರಿರುವ ಸಿಂಧನೂರು ಸೀಮೆಯ ನೆಲ ಸಪಾಟು, ಕಾಲುವೆ ಏರಿಯೇ ನಮಗೆ ಎತ್ತರ. ಅದು ಸುಳ್ಳಲ್ಲ.

ರಾಷ್ಟ್ರೀಯ ಉದ್ಯಾನದೊಳಗೆ ಗೈಡಿನ ಹಿಂದೆ ಹೊರಟೆವು. ನಿಮ್ಮವ್ವ ನನಗೆ ಹೊಸ ಬೂಟು ಹಾಕಿಸಿದ್ದಳು. ಸೀರೆಯನ್ನು ಭತ್ತ ನಾಟಿಗೆ ಹೋಗುವಾಗಿನಂತೆ ಕಚ್ಚೆ ಹಾಕಿ ಕಟ್ಟಿದ್ದೆ. ಒಂದು ಹಳ್ಳ ದಾಟಿದ ಮೇಲೆ ದಾರಿಯೆಲ್ಲ ಕೆಸರು. ಅಲ್ಲಿ ತಪ್ಪಾಯಿತು. ನಮ್ಮ ಕಡೆ ಕೆಸರುಗದ್ದೆಗೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಇಳಿಯುವುದಿಲ್ಲ, ಬದುವಿನ ಮೇಲೆ ಬಿಟ್ಟು ಇಳಿಯುತ್ತೇವೆ. ನನ್ನ ಕೈ ತಾನಾಗಿಯೇ ಬೂಟು ಬಿಚ್ಚಿ ಒಂದು ಕಲ್ಲಿನ ಮೇಲೆ ಜೋಡಿಸಿಟ್ಟಿತು. ಹೆಬ್ಬೆರಳೂರಿ ಹಾಯಾಗಿ ನಡೆದೆ. ಟೀಚರುಗಳು ಜಾರಿ ಬಿದ್ದು ನಗುತ್ತಿದ್ದರು, ನನ್ನ ಕಾಲನ್ನು ಯಾರೂ ಗಮನಿಸಲಿಲ್ಲ. ನಡುದಾರಿಯ ಬಯಲಿನಲ್ಲಿ ಒಂಟಿ ಮರವೊಂದಿದೆ. ಅಲ್ಲಿ ಗೈಡ್ ನನ್ನ ಬರಿಗಾಲು ನೋಡಿದ.

“ಅಮ್ಮಾ, ಶೂ ಎಲ್ಲಿ?”

“ಹಿಂದ, ಬದುವಿನ ಮ್ಯಾಲ.”

“ಎಂಥ ಬದು?”

ಟೀಚರುಗಳು ಹೊಟ್ಟೆ ಹಿಡಿದುಕೊಂಡರು. ಅವನು ನಗಲಿಲ್ಲ. “ಮುಂದೆ ಕಲ್ಲು, ಇಂಬಳ. ಬರಿಗಾಲಲ್ಲಿ ಆಗಲ್ಲ. ಹಿಂದೆ ಹೋಗಿ ಶೂ ತರ್ಲಿಕ್ಕೆ ಹೊತ್ತಿಲ್ಲ. ಇಲ್ಲೇ ಕೂತಿರಿ, ಇಳಿಯುವಾಗ ಕರ್ಕೊಂಡು ಹೋಗ್ತೇವೆ.”

“ನಾನೂ ನಿನ್ನ ಕೂಡ ಕುಂದರ್ತೀನಿ ಬಿಡವ್ವ” ಎಂದಳು ನಿಮ್ಮವ್ವ. ಅದರಿಂದ ನನಗೆ ಸಿಟ್ಟು ಇನ್ನೂ ಏರಿತು.

ಪರಗಂಡಸಿನ ಮುಖ ನೋಡಿ ಮಾತಾಡಿದವಳಲ್ಲ ನಾನು. ಅವನ ಬೂಟನ್ನೇ ನೋಡುತ್ತ ಹೇಳಿದೆ: “ತಮ್ಮಾ, ಕುಂದ್ರಾಕ ನಮ್ಮ ಮನ್ಯಾಗ ಬೇಕಾದಷ್ಟು ಜಾಗ ಐತಿ. ಬೂಟು ಹಾಕ್ಕೊಂಡವ್ರು ಎಷ್ಟ ಸಲ ಬಿದ್ದಾರ ನೋಡೀಯಿಲ್ಲೋ? ನಾ ಒಮ್ಮ್ಯಾರ ಬಿದ್ದೀನೇನು?”

ಅವನು ತಲೆ ಕೆರೆದುಕೊಂಡ. “ಬಿದ್ದರೆ ವಾಪಸ್.”

“ಬಿದ್ದರ ಹೇಳು.”

ಇಂಬಳ ಅಂದರೆ ನಮ್ಮ ಗದ್ದೆಯಲ್ಲಿ ರಕ್ತ ಹೀರುವ ಜಿಗಳಿಯ ತಮ್ಮ, ಅಷ್ಟೇ. ಎಲೆಯಡಿಕೆ ಚೀಲದಲ್ಲಿದ್ದ ಸುಣ್ಣ ಹಚ್ಚಿದೆ, ಉದುರಿದವು. ಟೀಚರುಗಳೂ ಸಾಲಾಗಿ ಕಾಲು ಚಾಚಿದರು. ಕಾಡಿದ್ದು ಕಲ್ಲು. ಹಿಮ್ಮಡಿ ಸೀಳಿ ರಕ್ತ ಬಂತು, ಯಾರಿಗೂ ತೋರಿಸಲಿಲ್ಲ. ಕಡೆಯ ಏರಿನಲ್ಲಿ ಹುಲ್ಲು ಹಿಡಿದು, ಮೊಣಕಾಲೂರಿ ಹತ್ತಿದೆ. ಅದನ್ನು ಮುಚ್ಚಿಡುವುದೇಕೆ?

ತುದಿಯಲ್ಲಿ ಬರೀ ಮಂಜು. ಸಮುದ್ರ ಕಾಣುತ್ತದೆ ಎಂದಿದ್ದರು, ಪಕ್ಕದಲ್ಲಿದ್ದವಳ ಮುಖವೇ ಕಾಣಲಿಲ್ಲ. “ಇಷ್ಟು ಹತ್ತಿ ಬಂದು ಏನೂ ಕಾಣಲಿಲ್ಲಲ್ಲವ್ವ” ಎಂದು ನಿಮ್ಮವ್ವ ಮರುಗಿದಳು. ಗಾಳಿಗೆ ನನ್ನ ತಲೆಯ ಮೇಲಿನ ಸೆರಗು ಹಾರಿತು. ಮತ್ತೆ ಹೊದ್ದುಕೊಳ್ಳಲಿಲ್ಲ.

ಇಳಿಯುವಾಗ ಬೂಟು ಇಟ್ಟಲ್ಲೇ ಇದ್ದವು. ಕೈಯಲ್ಲಿ ಹಿಡಿದುಕೊಂಡು ಬಂದೆ. ಕೆಳಗೆ ಅರಣ್ಯ ಇಲಾಖೆಯ ಚೌಕಿಯಲ್ಲಿ ಕಾವಲಿನವನು ನನ್ನ ಕೆಸರುಗಾಲು, ನರೆಗೂದಲು ನೋಡಿ ನಿಮ್ಮವ್ವನನ್ನು ಕೇಳಿದ: “ಅಮ್ಮ ಎಲ್ಲಿವರೆಗೆ ಬಂದ್ರು? ಒಂಟಿ ಮರದ ತನಕನಾ?”

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. “ತುದೀತನಕ.”

ಅವನು ಗೈಡಿನ ಕಡೆ ತಿರುಗಿದ.

“ಅವನ್ನ ಯಾಕ ನೋಡ್ತಿಯಪಾ? ಹತ್ತಿದಾಕಿ ನಾನು. ನನ್ನ ಕೇಳು.”